ಹನ್ನೆರಡು ಮರಿಮೀನುಗಳ ದಿಬ್ಬಣ

ಸೀತಾರಾಮರು ಉಡುಪಿಯವರು ಎಂಬುದೇ ಎಲ್ಲ ಅನಾಹುತಕ್ಕೂ ಮೂಲ. ವಡೋದರಾದ ವಿಮಾ ಕಚೇರಿಯಲ್ಲಿ ಅವರ ಮೇಲಧಿಕಾರಿ ಮಂಡ್ಯದ ಚಂದ್ರಶೇಖರ, ಗಾಳದ ಹುಚ್ಚಿನವರು. ಭಾನುವಾರ ಊರಾಚೆಯ ಕೆರೆಯಲ್ಲಿ ಗಾಳದ ಸ್ಪರ್ಧೆ, ಸೋಮವಾರ ವರ್ಗಾವಣೆ ಪಟ್ಟಿಗೆ ಅವರ ಸಹಿ. ಒಂಬತ್ತು ವರ್ಷ ಕಾದ ಸೀತಾರಾಮರ ಹೆಸರಿನೆದುರು ಆ ಪಟ್ಟಿಯಲ್ಲಿ ಕೊನೆಗೂ ‘ಉಡುಪಿ’ ಎಂದಿತ್ತು.

“ಗಾಳಕ್ಕೆ ಜೀವಂತ ಮರಿಮೀನು ಬೇಕು ಕಣ್ರೀ,” ಎಂದರು ಚಂದ್ರಶೇಖರ. “ಅದೇ ಕೆರೇದಾಗಿರ್ಬೇಕು ಅಂತ ರೂಲ್ಸು. ಬೇರೆ ನೀರಿಂದು ತಂದ್ರೆ ಆಚೆ ಹಾಕ್ತಾರೆ. ಕರಾವಳಿಯೋರು ನೀವು, ನಿಮಗೆ ಹೇಳ್ಬೇಕಾ?”

ಹೇಳಬೇಕಾಗಿತ್ತು. ಸೀತಾರಾಮರ ತಂದೆ ಮಠದ ಅಡುಗೆಯವರು. ಮಗ ಮೀನು ಮಾರ್ಕೆಟ್ಟನ್ನು ಉಸಿರು ಬಿಗಿಹಿಡಿದು ದಾಟಿ ಬೆಳೆದವರು. ಆದರೂ ಶನಿವಾರ ಸಂಜೆ ಕೆರೆಯ ಗುತ್ತಿಗೆದಾರನಿಂದ ಹನ್ನೆರಡು ಮರಿಮೀನು, ‘ಇದೇ ಕೆರೆಯವು’ ಎಂಬ ಚೀಟಿಯ ಸಮೇತ, ಬಕೆಟ್ಟಿನಲ್ಲಿ ಮನೆಗೆ ಬಂದವು.

“ಬಚ್ಚಲಲ್ಲಿ ಪುಳಕ್ ಪುಳಕ್ ಅಂತ ಉಂಟಲ್ಲ, ಎಂಥದು ಅದು?” ಎಂದರು ಹೆಂಡತಿ ಅನಸೂಯ.

“ಟ್ರಾನ್ಸ್‌ಫರ್,” ಎಂದರು ಸೀತಾರಾಮರು.

ಭಾನುವಾರ ಬೆಳಿಗ್ಗೆ ಆರಕ್ಕೆ ಲಿಫ್ಟಿನಲ್ಲಿ ಸಿಕ್ಕಿದವರು ಅವರ ವಸತಿ ಸೊಸೈಟಿಯ ಕಾರ್ಯದರ್ಶಿ ಹಸ್ಮುಖಭಾಯಿ. ಮಕರಪುರ ಬಡಾವಣೆಯ ಆ ಕಟ್ಟಡದಲ್ಲಿ ಬೆಳ್ಳುಳ್ಳಿ ತಿನ್ನುವವನಿಗೂ ಬಾಡಿಗೆಗೆ ಮನೆ ಸಿಗದು. ಅಷ್ಟರಲ್ಲಿ ಬಕೆಟ್ಟಿನ ಟವೆಲ್ ಸರಿಸಿ ಮೀನೊಂದು ನೆಗೆದು, ಕಾರ್ಯದರ್ಶಿಗಳ ಬಿಳಿ ಬೂಟಿನ ಮೇಲೆ ಬಿತ್ತು.

ಸೀತಾರಾಮರ ಕಣ್ಣೆದುರು ತಮ್ಮ ಮಂಚ, ಗ್ರೈಂಡರುಗಳೆಲ್ಲ ರಸ್ತೆಯಲ್ಲಿ ನಿಂತವು. ಹಸ್ಮುಖಭಾಯಿ ಬಗ್ಗಿ, ಎಳೆಗೂಸನ್ನೆತ್ತುವಂತೆ ಮೀನನ್ನೆತ್ತಿ ನೀರಿಗೆ ಬಿಟ್ಟು, ಕಣ್ಣೊರೆಸಿಕೊಂಡರು.

“ಸೀತಾರಾಮ್‌ಭಾಯಿ, ಬಲೆಯಿಂದ ಬಿಡಿಸಿ ತಂದು ಕೆರೆಗೆ ಬಿಡೋಕೆ ಹೊರಟಿದ್ದೀರಿ. ಒಬ್ಬರೇ ಪುಣ್ಯ ಕಟ್ಟಿಕೊಳ್ಳೋದಾ?”

ಕಟುಕರಿಂದ ಪ್ರಾಣಿಗಳನ್ನು ಕೊಂಡು ಬಿಟ್ಟುಬಿಡುವ ಜೀವದಯೆ ಅವರ ಮನೆತನದ ರೂಢಿ. ಬಕೆಟ್ಟಿನ ಮೀನಿಗೆ ಬೇರೆ ಅರ್ಥ ಅವರಿಗೆ ಹೊಳೆಯುವಂತಿರಲಿಲ್ಲ. ಬೇರೆ ಅರ್ಥ ವಿವರಿಸುವ ಧೈರ್ಯ ಸೀತಾರಾಮರಿಗೂ ಇರಲಿಲ್ಲ.

ಹತ್ತು ನಿಮಿಷದಲ್ಲಿ ಎರಡು ರಿಕ್ಷಾ, ನಾಲ್ಕು ಸ್ಕೂಟರು, ಒಂದು ಡೋಲಕ್ಕು ಸಿದ್ಧವಾದವು. ಮೂರನೇ ಮಹಡಿಯ ಜ್ಯೋತ್ಸ್ನಾಬೆನ್ ಬಕೆಟ್ಟಿಗೆ ಕುಂಕುಮವಿಟ್ಟು, ಸೀತಾರಾಮರಿಗೆ ಹಾರ ಹಾಕಿದರು.

ಕೆರೆಯ ದಡದಲ್ಲಿ ಗಾಳ ಹಿಡಿದವರ ಸಾಲನ್ನು ಕಂಡು ಹಸ್ಮುಖಭಾಯಿ ಹಲ್ಲು ಕಡಿದರು. “ಈ ಪಾಪಿಗಳ ಮುಂದೆಯೇ ಬಿಡೋಣ, ಬುದ್ಧಿ ಬರಲಿ. ಅಗೋ, ಆ ಟೋಪಿಯವನು ದೊಡ್ಡ ಪಾಪಿಯ ಹಾಗೆ ಕಾಣ್ತಾನೆ.”

ಟೋಪಿಯವರು ಚಂದ್ರಶೇಖರ. “ಏನ್ರೀ ಇದು, ಮರಿಮೀನು ತನ್ನಿ ಅಂದ್ರೆ ಮದ್ವೆ ದಿಬ್ಬಣ ತಂದಿದ್ದೀರಾ?”

ಸೀತಾರಾಮರು ಬಾಯಿ ತೆರೆಯುವುದರೊಳಗೆ ತೀರ್ಪುಗಾರ ಚೀಟಿ ಓದಿ, ಇದೇ ಕೆರೆಯ ಮೀನಾದ್ದರಿಂದ ಬಿಡಲು ಅಡ್ಡಿಯಿಲ್ಲ ಎಂದ. ಜ್ಯೋತ್ಸ್ನಾಬೆನ್ ಬಕೆಟ್ಟು ಬೋರಲು ಹಾಕಿದರು. ಹನ್ನೆರಡು ಮೀನಿನ ಹಿಂದೆಯೇ ಉಡುಪಿಯೂ ನೀರಿಗೆ ಜಾರಿತು.

“ನಾಳೆ ಆಫೀಸಿಗೆ ಬನ್ನಿ, ಮಾತಾಡೋಣ,” ಎಂದು ಚಂದ್ರಶೇಖರ ಸಿಟ್ಟಿನಲ್ಲಿ ಕೊಕ್ಕೆಗೆ ಒಂದುಂಡೆ ಗೋಧಿಹಿಟ್ಟು ಮೆತ್ತಿ ಎಸೆದರು. ಸೊಸೈಟಿಯವರು ಫಾಫ್ಡಾ ಜಿಲೇಬಿ ತಿನ್ನಲು ನಡೆದರು.

ರಿಕ್ಷಾದ ಕುಲುಕಾಟಕ್ಕೆ ತಲೆ ತಿರುಗಿದ ಮರಿಮೀನುಗಳು ಅಲ್ಲೇ ಗಿರಕಿ ಹೊಡೆಯುತ್ತಿದ್ದವು. ಅವನ್ನು ನುಂಗಲು ಆಳದಿಂದೊಂದು ದೈತ್ಯ ಎದ್ದು ಬಂದು, ಅವಸರದಲ್ಲಿ ಹಿಟ್ಟಿಗೆ ಬಾಯಿ ಹಾಕಿತು. ಚಂದ್ರಶೇಖರರ ಕೋಲು ಬಿಲ್ಲಾಯಿತು, ಟೋಪಿ ಹಾರಿತು. ಒಂಬತ್ತು ಕಿಲೋ, ಮೊದಲ ಬಹುಮಾನ.

ತೂಕವಾದ ಮೀನನ್ನು ಮರಳಿ ಕೆರೆಗೇ ಬಿಡುವುದು ಸ್ಪರ್ಧೆಯ ನಿಯಮ. ಚಂದ್ರಶೇಖರ ಎರಡೂ ಕೈಯಿಂದ ಅದನ್ನು ನೀರಿಗಿಳಿಸುವಾಗಲೇ ಸೊಸೈಟಿಯವರು ಹಿಂತಿರುಗಿದರು.

“ಪಾಪಿಯ ಮನಸ್ಸು ಕರಗಿತು,” ಎಂದು ಹಸ್ಮುಖಭಾಯಿ ಸೀತಾರಾಮರ ಕೊರಳಿನ ಹಾರ ತೆಗೆದು ಚಂದ್ರಶೇಖರರಿಗೆ ಹಾಕಿದರು.

ಚಂದ್ರಶೇಖರ ಸೀತಾರಾಮರ ಹೆಗಲಿಗೆ ಕೈ ಹಾಕಿದರು. “ಇಪ್ಪತ್ತು ವರ್ಷದಲ್ಲಿ ಮೊದಲ್ನೇ ಕಪ್ ಕಣ್ರೀ. ಮರಿಮೀನನ್ನ ಸಿಕ್ಕಿಸೋದಲ್ಲ, ಬಿಡೋದು. ಎಂಥ ತಲೆ ರೀ ನಿಮ್ದು.”

“ಹಾಗಾದ್ರೆ ಸರ್, ನಾಳೆ ಆ ಪಟ್ಟಿಗೆ ಸಹಿ...”

“ಹಾಕ್ತೀನಿ. ಉಡುಪಿಗೆ ಬೇರೆ ಯಾರಾದ್ರೂ ಹೋಗ್ಲಿ, ನಿಮ್ಮನ್ನ ಬಿಟ್ಟು ನಾನೇನ್ ಮಾಡ್ಲಿ? ಮುಂದಿನ ತಿಂಗಳು ಸೂರತ್‌ನಲ್ಲಿ ಸ್ಪರ್ಧೆ ಇದೆ. ಇವ್ರನ್ನೆಲ್ಲಾ ಕರ್ಕೊಂಡ್ ಬನ್ನಿ.”

ಸೂರತ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಹಸ್ಮುಖಭಾಯಿ ಐವತ್ತು ಸೀಟಿನ ಬಸ್ಸಿಗೆ ಫೋನು ಹಚ್ಚಿದರು.