ಬೀಗ ಹಾಕಿದ್ದು ನಾನೇ

ನಮ್ಮ ಕೆಲಸದಲ್ಲಿ ಮುಖ ಮುಚ್ಚಿಕೊಳ್ಳುವ ಸಂದರ್ಭಗಳಿಗೆ ಬರವಿಲ್ಲ, ವರ್ಷಕ್ಕೆ ಒಂದೆರಡಾದರೂ ಬರುತ್ತವೆ. ನನಗೆ ಮಾತ್ರ ಇಡೀ ವರ್ಷದ್ದು ಒಂದೇ ವಾರದಲ್ಲಿ ಮುಗಿದುಹೋಯಿತು.

ಓದಲು ಬಂದು ಆಕ್ಲೆಂಡಿನಲ್ಲೇ ಉಳಿದವಳು ನಾನು. ಪಶುವೈದ್ಯರ ಕ್ಲಿನಿಕ್‌ಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿಯಲ್ಲಿ ಕೆಲಸ. ಯಾರ ನಾಯಿಗೆ ಯಾವಾಗ ಇಂಜೆಕ್ಷನ್, ಯಾರ ಮನೆ ಎಲ್ಲಿ, ಫೋನ್ ನಂಬರ್ ಏನು, ಎಲ್ಲವೂ ನಮ್ಮ ಬಳಿ ಇರುತ್ತದೆ.

ನಮ್ಮಲ್ಲಿಲ್ಲ

ಸೋಮವಾರ ಸುದ್ದಿ ಬಂತು. ಮಾಹಿತಿಯನ್ನು ಪರರು ಓದಲಾಗದಂತೆ ಗೂಢಲಿಪಿಗೆ ತಿರುಗಿಸುವ ಒಂದು ಲೈಬ್ರರಿಯಲ್ಲಿ, ಅಂದರೆ ಯಾರೋ ಬರೆದು ಲೋಕವೆಲ್ಲ ಬಳಸುವ ಸಿದ್ಧ ತಂತ್ರಾಂಶದಲ್ಲಿ, ದೊಡ್ಡ ತೂತು ಸಿಕ್ಕಿದೆಯಂತೆ. ನಾವೂ ಅದನ್ನು ಬಳಸುತ್ತೇವಾ ಎಂದು ಮ್ಯಾನೇಜರ್ ಕೇಳಿದಳು. ಅದರ ಹೆಸರು ಹಾಕಿ ಒಮ್ಮೆ ಹುಡುಕಿದೆ, ಸಿಗಲಿಲ್ಲ. "ನಮ್ಮಲ್ಲಿಲ್ಲ" ಎಂದೆ.

ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಇಂಥ ತೂತುಗಳನ್ನು ಸರಿಯಾಗಿ ಹುಡುಕುವುದು ಹೇಗೆ ಎಂದು ಒಂದು ಪುಟ ಬರೆದು ಆಫೀಸಿಗೆಲ್ಲ ಕಳಿಸಿದೆ. ಮ್ಯಾನೇಜರ್ ಅದನ್ನು ಪ್ರಿಂಟ್ ತೆಗೆದು ಟೀ ಮಾಡುವ ಜಾಗದಲ್ಲಿ ಅಂಟಿಸಿದಳು.

ಯಾವ ಪುಣ್ಯಾತ್ಮ

ಬುಧವಾರ ಮ್ಯಾನೇಜರ್‌ಗೇ ಅನುಮಾನ ಬಂದು, ಒಳಗಿನ ಬಿಡಿಭಾಗಗಳನ್ನೂ ಒಂದೊಂದಾಗಿ ತೋರಿಸು ಎಂದಳು. ಎಲ್ಲರೂ ಕೂತಿದ್ದ ಕೋಣೆಯ ದೊಡ್ಡ ಪರದೆಯ ಮೇಲೆ ತೋರಿಸುತ್ತ ಹೋದೆ. ಬೇರೆ ಹೆಸರಿನ ಇನ್ನೊಂದು ಸಿದ್ಧ ಪ್ಯಾಕೇಜಿನ ಹೊಟ್ಟೆಯೊಳಗೆ ಆ ಲೈಬ್ರರಿ ಆರಾಮವಾಗಿ ಕೂತಿತ್ತು. ನಾನು 'ಇಲ್ಲ' ಎಂದಿದ್ದಕ್ಕೆ ಎರಡು ದಿನ ಬಾಗಿಲು ತೆರೆದೇ ಇತ್ತು.

ಹೆದರಿಕೆಗೆ ಸಿಟ್ಟೂ ಬಂತು. ಈ ಪ್ಯಾಕೇಜನ್ನು ಸೇರಿಸಿದ ಪುಣ್ಯಾತ್ಮ ಯಾರು ಎಂದು ಗಟ್ಟಿಯಾಗಿ ಕೇಳುತ್ತಲೇ, ಯಾವ ಸಾಲು ಯಾರು ಬರೆದದ್ದು ಎಂದು ತೋರಿಸುವ ಗುಂಡಿ ಒತ್ತಿದೆ. ನನ್ನ ಹೆಸರು ಬಂತು. ಪಕ್ಕದಲ್ಲಿ ಆರು ವರ್ಷದ ಹಿಂದೆ ನಾನೇ ಬರೆದಿದ್ದ ಟಿಪ್ಪಣಿ: ತಾತ್ಕಾಲಿಕ, ಮುಂದಿನ ವಾರ ತೆಗೆಯುತ್ತೇನೆ.

ಯಾರೂ ನಗಲಿಲ್ಲ. ಮ್ಯಾನೇಜರ್ ಅದನ್ನು ನಿಧಾನವಾಗಿ ಓದಿ, ನಿಜಕ್ಕೂ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದಳು: "ಯಾವ ವಾರ?"

ಡೈರಿ ಆಂಟಿ

ಸಂಜೆಯೊಳಗೆ ತೂತು ಮುಚ್ಚಿದೆವು. ಯಾರೂ ಒಳಗೆ ಬಂದ ಗುರುತು ಸಿಗಲಿಲ್ಲ. ಆದರೂ ಮುಖ ಸಪ್ಪಗಾಗಿತ್ತು. ಹೆಂಡರ್ಸನ್ನಿನಲ್ಲಿ ನಮ್ಮ ಮನೆ ಹತ್ತಿರ ಹುಬ್ಬಳ್ಳಿ ಕಡೆಯ ಆಂಟಿಯೊಬ್ಬರು ಡೈರಿ ಇಟ್ಟಿದ್ದಾರೆ. ಇಲ್ಲಿ ಡೈರಿ ಎಂದರೆ ಹಾಲಿನಿಂದ ಬ್ಯಾಟರಿವರೆಗೆ ಎಲ್ಲ ಸಿಗುವ ಮೂಲೆ ಅಂಗಡಿ. ಬ್ರೆಡ್ ತರಲು ಹೋದಾಗ ಏನಾಯಿತೆಂದು ಕೇಳಿದರು. ಬೀಗ ಮಾಡಿದವನು ತಪ್ಪು ಮಾಡಿದ್ದ, ಅದೇ ಬೀಗ ನಮ್ಮ ಬಾಗಿಲಿಗೂ ಇತ್ತು ಎಂದು, ತಪ್ಪೆಲ್ಲ ಅವನ ತಲೆಗೆ ಹೋಗುವಂತೆ ಹೇಳಿದೆ.

ಆಂಟಿ ಬ್ರೆಡ್ಡನ್ನು ಚೀಲಕ್ಕೆ ಹಾಕುತ್ತ ಯೋಚಿಸಿದರು. "ಅಲ್ಲವ್ವಾ, ಅವನು ಕೆಟ್ಟ ಕೀಲಿ ಮಾಡಿದ್ದು ಹೋಗಲಿ. ಅದನ್ನ ಹಾಕೀನಿ ಅನ್ನೋದರ ನಿನಗ ಗೊತ್ತಿತ್ತಿಲ್ಲೋ?"

ಹಾಲು ತೆಗೆದುಕೊಳ್ಳುವುದನ್ನೂ ಮರೆತು ಮನೆಗೆ ಬಂದೆ.

ಕ್ಷಮಾಪಣೆ

ಗ್ರಾಹಕರಿಗೆ ತಿಳಿಸಲೇಬೇಕಿತ್ತು. ತಪ್ಪು ನನ್ನದು, ಪತ್ರ ನಾನೇ ಬರೆಯುತ್ತೇನೆ ಎಂದೆ. ಪ್ರಾಮಾಣಿಕವಾಗಿಯೇ ಬರೆದೆ: ಮೊದಲು ನೋಡಿದಾಗ ನನ್ನ ಕಣ್ತಪ್ಪಿತು, ಎರಡು ದಿನ ತಡವಾಯಿತು, ನಿಮ್ಮ ವಿವರಗಳ ಗೋಪ್ಯತೆ ನಮಗೆ ಎಲ್ಲಕ್ಕಿಂತ ಮುಖ್ಯ. ನಾಲ್ಕು ಸಲ ಓದಿ ಕಳಿಸಿದೆ.

ಓದಿದ್ದು ಪತ್ರವನ್ನು ಮಾತ್ರ. ಮೇಲೆ, ಒಬ್ಬರಿಗೊಬ್ಬರು ಕಾಣದಂತೆ ಹಾಕಬೇಕಿದ್ದ ಎಲ್ಲ ಕ್ಲಿನಿಕ್‌ಗಳ ಇಮೇಲ್ ವಿಳಾಸಗಳನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೆ.

ಐದು ನಿಮಿಷಕ್ಕೆ ಅಪ್ಪರ್ ಹಟ್ ಊರಿನ ಡಾಕ್ಟರು ಎಲ್ಲರಿಗೂ ಉತ್ತರಿಸಿದರು. ಹೇಗೂ ಎಲ್ಲರೂ ಸೇರಿದ್ದೇವೆ, ಯಾರ ಬಳಿಯಾದರೂ ಬೆಕ್ಕಿನ ಪಂಜರ ಹೆಚ್ಚಿಗೆ ಇದೆಯೇ ಎಂದು. ನಾಲ್ಕಿವೆ, ಬಂದು ಒಯ್ಯಿರಿ ಎಂದು ಇನ್ನೊಬ್ಬರು. ಪಾಪಕುರಾದ ಅಜ್ಜಿ ಡಾಕ್ಟರೊಬ್ಬರಿಗೆ ಜೊತೆಗೆ ಓದಿದ ಗೆಳತಿ ಆ ಪಟ್ಟಿಯಲ್ಲೇ ಸಿಕ್ಕಿಬಿಟ್ಟರು. ಮಧ್ಯಾಹ್ನದವರೆಗೂ ಹರಟೆ ನಡೆಯಿತು. ನಾನು ಮೇಜಿನ ಮೇಲೆ ತಲೆಯಿಟ್ಟು ಕೂತಿದ್ದೆ.

ಕೊನೆಗೆ ಮ್ಯಾನೇಜರ್ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಮೊದಲ ಕ್ಷಮಾಪಣೆಗಾಗಿ ಎರಡನೇ ಕ್ಷಮಾಪಣೆ ಬರೆದೆ. ವಿಳಾಸಗಳನ್ನು ಇಬ್ಬರೂ ಬೆರಳಿಟ್ಟು ನೋಡಿದ ಮೇಲೆ, ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಕಳಿಸಿದೆ.

ಮೊದಲ ಉತ್ತರ ಪಾಪಕುರಾದ ಅಜ್ಜಿಯದು.

"ಪರವಾಗಿಲ್ಲ ಮಗು. ಆದರೆ ಈ ಸಲ ಬೇರೆಯವರು ಯಾರೂ ಕಾಣುತ್ತಿಲ್ಲ. ಮತ್ತೇನಾದರೂ ಕೆಟ್ಟಿದೆಯಾ?"