ಖಾಲಿ ಆಫೀಸಿನಲ್ಲಿ ಕೌದಿಯ ಹೊಟ್ಟೆ

ಖುಷಿ ಹೆಚ್ಚಾದರೆ ಕೆಲವರು ಹಾಡುತ್ತಾರೆ, ಕೆಲವರು ಅಳುತ್ತಾರೆ. ನಾನು ಯಾರಿಗಾದರೂ ತಿನ್ನಿಸುತ್ತೇನೆ. ತಿನ್ನುವವರು ಸಿಗದಿದ್ದರೆ ಕಾಗೆಗೆ, ಕಾಗೆಯೂ ಬರದಿದ್ದರೆ ನನಗೇ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಬೇರೆ ವಿದ್ಯೆ ಎಲ್ಲಿಂದ ಬರಬೇಕು? ಈ ಒಂದು ವಿದ್ಯೆಯಿಂದಲೇ ಮೊಮ್ಮಗಳ ಕೋಣೆ ಕೈಬಿಟ್ಟು ಹೋಗುವುದರಲ್ಲಿತ್ತು.

ನಾವು ವಿಜಯಪುರದ ಕಡೆಯವರು. ಇಟ್ಟಿಗೆ ಹೊರಲು ಗೋವಾದ ವಾಸ್ಕೋಗೆ ಬಂದ ನಾನು ಇಲ್ಲಿಯೇ ಮುದುಕಿಯಾದೆ. ಮೊಮ್ಮಗಳು ರೇಣು ಚಿತ್ರಕಲೆಯ ಕಾಲೇಜು ಮುಗಿಸಿದಳು ನೋಡಿ! ಆದರೆ ನಮ್ಮ ಮನೆಯಲ್ಲಿ ಐದು ಜನ ಕೂತರೆ ಆರನೆಯದಾಗಿ ಒಂದು ಚಿತ್ರಕ್ಕೆ ಜಾಗವಿಲ್ಲ. ಬಂದರಿನ ರಸ್ತೆಯಲ್ಲಿ ಹಡಗಿನ ಕಂಪನಿಯೊಂದರ ಹಳೆಯ ಆಫೀಸು ಎಷ್ಟೋ ವರ್ಷದಿಂದ ಬೀಗ ಹಾಕಿಕೊಂಡು ಪಾರಿವಾಳ ಸಾಕುತ್ತಿತ್ತು. ಕೆಡವುವ ತನಕ ಸುಮ್ಮನೆ ಯಾಕೆ ಬಿಡಬೇಕೆಂದು ಮಾಲೀಕರು ಅದರ ಕೋಣೆಗಳನ್ನು ಕಲಾವಿದರಿಗೆ ಕಡಿಮೆ ಬಾಡಿಗೆಗೆ ಕೊಟ್ಟರು. ರೇಣುವಿಗೂ ಒಂದು ಸಿಕ್ಕಿತು. ಮೊದಲ ತಿಂಗಳು ಪರೀಕ್ಷೆ. ಕೊನೆಗೆ ಮಾಡಿದ್ದನ್ನು ತೋರಿಸಬೇಕು. ಒಪ್ಪಿದರೆ ಇನ್ನು ಹನ್ನೊಂದು ತಿಂಗಳು, ಇಲ್ಲದಿದ್ದರೆ ಸರದಿಯಲ್ಲಿ ಕಾದವರಿಗೆ. ಉಸ್ತುವಾರಿ ಫಿಲೋಮಿನಾ ಬಾಯಿಯದು. ಅವರ ಕಟ್ಟುನಿಟ್ಟು ಒಂದೇ: ಒಳಗೆ ತಿನಿಸು ತರಬಾರದು. ಹಳೆಯ ಕಟ್ಟಡ, ಇಲಿ ಇರುವೆ ಕಾಯುತ್ತಿರುತ್ತವೆ.

ಮಧ್ಯಾಹ್ನ ಅವಳು ಕೆಲಸ ಮಾಡುವಾಗ ನಾನು ಆ ನೆಲದ ಮೇಲೆ ಕಾಲು ಚಾಚಿ ಕೂರುತ್ತಿದ್ದೆ. ಗೋಡೆಯ ಮೇಲೆ ಎಂದೋ ತೆಗೆದ ಕ್ಯಾಲೆಂಡರುಗಳ ಬಿಳಿ ಚೌಕಗಳು, ಮೂಲೆಯಲ್ಲಿ ಟೆಲಿಫೋನಿನ ತುಂಡು ತಂತಿ. ಬಂದರಿನಲ್ಲಿ ಹಡಗು ಕೂಗಿದರೆ ಕಿಟಕಿಯ ಗಾಜು ಸಣ್ಣಗೆ ನಡುಗಿ, ಬಿಸಿಲು ನೆಲದ ಮೇಲೆ ನೀರಿನ ಹಾಗೆ ಅಲುಗುತ್ತಿತ್ತು. ಕಣ್ಣು ಮುಚ್ಚಿದರೆ ಕಟ್ಟಡವೇ ಹಗ್ಗ ಬಿಚ್ಚಿಕೊಂಡು ಮೆಲ್ಲಗೆ ಹೊರಟಂತೆ. ಮೇಲಿನ ಕೋಣೆಯಲ್ಲಿ ಯಾರೋ ಕೊಳಲು ಕಲಿಯುತ್ತ ಒಂದೇ ಜಾಗದಲ್ಲಿ ತಪ್ಪುತ್ತಿದ್ದರು. ಆ ತಪ್ಪನ್ನು ಕಾಯುತ್ತ ಕಾಯುತ್ತ ನನಗೆ ನಿದ್ದೆ. ಎಚ್ಚರವಾಗುವಷ್ಟರಲ್ಲಿ ಬಿಸಿಲು ಪಾದದಿಂದ ಮೊಣಕಾಲಿಗೆ ಏರಿರುತ್ತಿತ್ತು.

ರೇಣು ನಮ್ಮ ಓಣಿಯ ಹೆಂಗಸರ ಹಳೆಯ ಸೀರೆಗಳನ್ನು ಕೂಡಿಸಿ ಗೋಡೆಯಷ್ಟು ದೊಡ್ಡ ಕೌದಿ ಹೊಲಿಯುತ್ತಿದ್ದಳು.

“ಇಷ್ಟ ದೊಡ್ಡದು ಯಾರ ಹೊತಗೋತಾರವಾ?” ಎಂದೆ.

“ಗೋಡಿ ಹೊತಗೋತೈತಿ, ಆಯಿ. ನೀ ಆ ಕಡೀ ಮೂಲಿ ಹೊಲದ ಮುಗಸು. ನಾಳೆ ನೋಡಾಕ ಬರ್ತಾರ.”

ಕಡೆಯ ಮೂಲೆ ನನಗೇ ಬಿಟ್ಟಿದ್ದಳು! ಅಲ್ಲೇ ನನ್ನ ಖುಷಿ ಉಕ್ಕಿತು. ಕೌದಿಯನ್ನು ಮುಚ್ಚುವ ಮುಂಚೆ ಅದರ ಹೊಟ್ಟೆಗೆ ಒಂದು ತುತ್ತು ಇಡುವುದು ನಮ್ಮಲ್ಲಿ ಪದ್ಧತಿ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ ಎನ್ನುತ್ತಿದ್ದಳು ನಮ್ಮವ್ವ. ಚೂರು ರೊಟ್ಟಿ ಸಾಕು. ಆದರೆ ಗೋಡೆಯಷ್ಟು ಹೊಟ್ಟೆಗೆ ಚೂರು ರೊಟ್ಟಿ ಎಲ್ಲಿಗೆ? ಚೀಲದಲ್ಲಿ ತುಪ್ಪ ಸವರಿದ ಹೋಳಿಗೆ ಇತ್ತು. ಬಾಯಿಯ ನಿಯಮ ನೆನಪಾಗಲಿಲ್ಲ ಎಂದರೆ ಸುಳ್ಳಾದೀತು. ತಿನ್ನುವುದು ನಾನಲ್ಲ, ಕೌದಿ ತಾನೇ ಎಂದುಕೊಂಡು ಇಡೀ ಹೋಳಿಗೆ ಒಳಗಿಟ್ಟು, ಮೇಲೊಂದು ಚಮಚೆ ತುಪ್ಪದಷ್ಟು ಪ್ರೀತಿಯಿಂದ ಹೊಲಿದುಬಿಟ್ಟೆ.

ಮರುದಿನ ಬೆಳಿಗ್ಗೆ ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಕೌದಿಗೆ ಇರುವೆಗಳ ಉದ್ದ ಸಾಲು. ಬಾಗಿಲಲ್ಲಿ ಫಿಲೋಮಿನಾ ಬಾಯಿ, ಜೊತೆಗೆ ನೋಡಲು ಬಂದ ಇಬ್ಬರು. ಬಾಯಿ ಸಾಲಿನ ಹಿಂದೆಯೇ ನಡೆದು ಮೂಲೆ ಮುಟ್ಟಿ ನೋಡಿದರು. ತುಪ್ಪದ ಕಲೆ.

“ಕಿತೆಂ ಹೆಂ?” ಏನಿದು ಎಂಬಷ್ಟು ಕೊಂಕಣಿ ನನಗೂ ಗೊತ್ತು.

“ತಪ್ಪು ನನ್ನದೇ, ಮೇಡಂ,” ಎಂದಳು ರೇಣು. ಅವಳಿಗೆ ಆಗಲೇ ಎಲ್ಲ ತಿಳಿದಿತ್ತು. ಮುಖ ಸುಣ್ಣದಂತಾಗಿತ್ತು.

ಅದನ್ನು ನನ್ನಿಂದ ತಡೆಯಲಾಗಲಿಲ್ಲ. ಅರ್ಧ ಹಿಂದಿ, ಅರ್ಧ ಕೊಂಕಣಿಯಲ್ಲಿ ನಾನು ಹೇಳಿದ್ದು ಇಷ್ಟು: “ಹೋಳಿಗಿ ಇಟ್ಟಾಕಿ ನಾನ್ರೀ ಬಾಯಿ. ಹೊರಗ ಹಾಕೂದಿದ್ರ ನನ್ನ ಹಾಕ್ರಿ. ಕೌದಿ ಉಪಾಸ ಇರಬಾರದು ಅಂತ ಇಟ್ಟೆ.”

“ಕೌದಿ ಉಣ್ಣುತ್ತದಾ?”

“ಅದೊಂದಽ ಅಲ್ರೀ. ನೋಡ್ರಿ, ಎಷ್ಟ ಮಂದಿ ಪಂಕ್ತಿಗೆ ಕುಂತಾರ!”

ಜೊತೆಗಿದ್ದವರು ನಕ್ಕರು. ಬಾಯಿ ನಗಲಿಲ್ಲ. “ಬಿಚ್ಚಿ ತೆಗಿ,” ಎಂದರು. ನಾನು ಬಿಚ್ಚುತ್ತಿದ್ದಂತೆ, ಹೆದರಿಕೆಗೋ ಏನೋ, ನನ್ನ ಮಾತು ನಿಲ್ಲಲಿಲ್ಲ. ಈ ಹಸಿರು ಶಾಂತವ್ವಂದು, ಸಿಮೆಂಟು ಹೊತ್ತು ಹೆಗಲ ಮೇಲೆ ಸವೆದದ್ದು. ಈ ಕೆಂಪು ಮೆಹಬೂಬಿಯದು, ಬೈನಾದ ಕಡಲ ದಂಡೆಯಲ್ಲಿ ಸರ ಮಾರುವಾಗ ಬಿಸಿಲಿಗೆ ಬಣ್ಣ ಬಿಟ್ಟದ್ದು. ಈ ತುಂಡು ರೇಣುವಿನ ತೊಟ್ಟಿಲು. ಕೇಳುತ್ತ ಕೇಳುತ್ತ ಮೂವರೂ ನೆಲದ ಮೇಲೆ ಕೂತೇಬಿಟ್ಟಿದ್ದರು. ಇರುವೆಗಳು ದಾರಿ ಬದಲಿಸಿಕೊಂಡವು. ಎದ್ದಾಗ ಬಾಯಿ ರೇಣುವಿನ ಕೈಗೆ ಬೀಗದ ಕೈ ಕೊಟ್ಟು, “ಹನ್ನೊಂದು ತಿಂಗಳು,” ಎಂದಷ್ಟೇ ಹೇಳಿದರು. ನಾನು ಅವರನ್ನು ಅಪ್ಪಿಕೊಂಡೆ. ನನ್ನ ಕೈಯಲ್ಲಿದ್ದ ಇರುವೆಗಳೂ ಅಪ್ಪಿಕೊಂಡವು.

ಮರುವಾರ ಕಟ್ಟಡದ ಬಾಗಿಲಲ್ಲಿ ಒಂದು ಹೊಸ ಚೀಟಿ ಅಂಟಿಸಿದ್ದರು, ಇಂಗ್ಲಿಷಿನಲ್ಲಿ. ರೇಣುವಿನಿಂದ ಓದಿಸಿದೆ.

“ರೇಣುಕಾಳ ಅಜ್ಜಿಯ ಚೀಲ ನೋಡಿಯೇ ಒಳಗೆ ಬಿಡಬೇಕು,” ಎಂದು ಓದಿ ಅವಳು ತಲೆ ತಗ್ಗಿಸಿದಳು. ನಾನು ಇನ್ನೊಮ್ಮೆ ಓದಿಸಿದೆ. ಸಂಜೆ ಓಣಿಯ ಹೆಂಗಸರನ್ನೆಲ್ಲ ಕೌದಿ ತೋರಿಸಲು ಕರೆದುಕೊಂಡು ಹೋದೆ. ಆದರೆ ಖರೇ ಹೇಳುತ್ತೇನೆ, ಒಳಗೆ ಹೋಗುವುದು ಭಾಳ ತಡವಾಯಿತು. ಒಬ್ಬೊಬ್ಬರನ್ನೂ ಚೀಟಿಯ ಮುಂದೆ ನಿಲ್ಲಿಸಿ, ಅದರಲ್ಲಿ ಅಜ್ಜಿ ಎಂಬ ಮಾತು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದೆ.