ಒಂದು ಕೊಂಬೆಯ ಅರಣ್ಯ ನೀತಿ

ಹ್ಯೂಸ್ಟನ್ನಿನ ಕಂಪನಿಯೊಂದಕ್ಕಾಗಿ ಮನೆಯಲ್ಲೇ ಕೂತು ಯುರೋಪಿನ ದೇಶಗಳಿಗೆಲ್ಲ ಅರಣ್ಯ ನೀತಿ ರೂಪಿಸಿಕೊಡುವ ಇರಣ್ಣನಿಗೆ ಆ ಶನಿವಾರ ಒಂದೇ ಒಂದು ಕೊಂಬೆ ತಲೆನೋವಾಯಿತು. ಹ್ಯೂಸ್ಟನ್ ಹತ್ತಿರದ ಸೈಪ್ರೆಸ್ ಎಂಬ ಊರಿನ ಅವನ ಹಿತ್ತಲಿಗೆ ಪಕ್ಕದ ಮನೆ ರಾಮಮೂರ್ತಿ ಅಂಕಲ್ ಅವರ ಓಕ್ ಮರದ ಕೊಂಬೆ ಚಾಚಿಕೊಂಡಿತ್ತು. ಗೋಕಾಕದಿಂದ ಬಂದಿದ್ದ, ಎಸಿ ಗಾಳಿ ಆಗದ ಮಾವ ಬಾಳಪ್ಪನವರು ಮಧ್ಯಾಹ್ನ ಮಲಗುತ್ತಿದ್ದದ್ದು ಅಲ್ಲೇ, ತಗಡಿನ ಚಪ್ಪರದಡಿ. ಕಣ್ಣು ಹತ್ತುವ ಹೊತ್ತಿಗೆ ಸರಿಯಾಗಿ ಓಕಿನ ಕಾಯಿ ತಗಡಿಗೆ ಟಣ್ಣೆಂದು ಬೀಳುತ್ತಿತ್ತು.

"ಅಳಿಯಂದ್ರ, ಆ ಟೊಂಗಿ ಕಡಸ್ರಿ. ಇಲ್ಲಾಂದ್ರ ಈ ವಾರನ ನಾ ಗೋಕಾಕಕ್ಕ ಹೊಂಟೆ," ಎಂದರು ಮಾವ.

"ಅಪ್ಪ ಸಿಟ್ಟಾಗಿ ಹ್ವಾದ್ರ ನೋಡ್ರಿ ಮತ್ತ," ಎಂದಳು ಹೆಂಡತಿ ಶೀತಲ್. ಆ 'ಮತ್ತ'ದ ನಂತರ ಏನಿದೆ ಎಂದು ಕೇಳುವ ಧೈರ್ಯ ಇರಣ್ಣನಿಗೆ ಮದುವೆಯಾದಂದಿನಿಂದಲೂ ಬಂದಿರಲಿಲ್ಲ.

ಗರಗಸ ಹಿಡಿದಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ನಮ್ಮ ಇರಣ್ಣ ಪುಣ್ಯಾತ್ಮ ಕಲಿತದ್ದೇ ಬೇರೆ.

"ಹಂಗ ಕಡಿಯಾಕ ಬರಂಗಿಲ್ರಿ ಮಾವಾರ. ಮರಕ್ಕ ಸಂಬಂಧಪಟ್ಟವ್ರೆಲ್ಲ ಕೂಡಬೇಕು, ಎಲ್ಲಾರೂ ಒಪ್ಪಬೇಕು. ಒಬ್ರು ಬ್ಯಾಡ ಅಂದ್ರೂ ಮುಟ್ಟಂಗಿಲ್ಲ. ಯುರೋಪಿನವ್ರಿಗೂ ನಾ ಇದನ್ನ ಹೇಳೂದು."

ಚಪ್ಪರದಡಿ ಸಭೆ ಕೂಡಿತು. ರಾಮಮೂರ್ತಿ ಅಂಕಲ್ ಬಂದರು. ಕರೆಯದಿದ್ದರೂ ಎದುರುಮನೆಯ ಮೃಣಾಲಿನಿ ಆಂಟಿಯೂ ಬಂದರು.

"ಆ ಮರ ನನಗೆ ಮೊಮ್ಮಗು ಇದ್ದ ಹಾಗೆ ಕಣ್ರೀ," ಎಂದರು ಅಂಕಲ್.

"ನಾನು ದಿನಾ ಕಡಲೆಬೀಜ ಹಾಕೋ ಅಳಿಲು ಆ ಕೊಂಬೆ ಮೇಲೇ ಇರೋದು. ಅದನ್ನ ಯಾರಾದ್ರೂ ಕೇಳಿದ್ರಾ?" ಎಂದರು ಆಂಟಿ.

"ಅಳಿಲಿನ ಪರವಾಗಿ ನೀವ ಮಾತಾಡ್ರಿ," ಎಂದ ಇರಣ್ಣ, ಬಲು ಗಂಭೀರವಾಗಿ.

ಉಪ್ಪಿಟ್ಟು ಖಾಲಿಯಾಯಿತು, ಊಟವೂ ಆಯಿತು. ಬಾಳಪ್ಪನವರು ಕರದಂಟಿನ ಡಬ್ಬಿ ಬಿಚ್ಚಿದರು, ಅಂಕಲ್ ಇಸ್ಪೀಟು ತಂದರು. ಆಟದಲ್ಲಿ ಇಬ್ಬರಿಗೂ ಜಗಳ, ಆಂಟಿಯದು ಪಂಚಾಯಿತಿ. ಇರಣ್ಣ ಮಾತ್ರ ಹೋಟೆಲ್ ಮಾಣಿಯಂತೆ ಚಹಾ ಹಂಚುತ್ತ ಒಬ್ಬೊಬ್ಬರನ್ನೇ ಓಲೈಸಿದ.

ಸಂಜೆ ಹೊತ್ತಿಗೆ ಅಂಕಲ್ ಕರಗಿದರು. "ಬಾಳಪ್ಪನೋರಿಗೆ ತೊಂದ್ರೆ ಅಂದ್ರೆ ಕಡೀರಿ ಬಿಡಿ."

"ಅಳಿಲಿಗೇನು, ಬೇರೆ ಕೊಂಬೆ ಸಿಗತ್ತೆ," ಎಂದರು ಆಂಟಿ.

ಇರಣ್ಣ ಹಿಗ್ಗಿ ಹೀರೇಕಾಯಿಯಾದ. "ಎಲ್ಲಾರೂ ಒಪ್ಪಿದ್ರು!" ಎಂದು ಮರ ಕಡಿಯುವವನಿಗೆ ಫೋನ್ ಮಾಡಹೊರಟ.

"ಎಲ್ಲಾರೂ ಎಲ್ಲಿ? ನನ್ನ ಕೇಳೇ ಇಲ್ಲ," ಎಂದರು ಬಾಳಪ್ಪ.

"ಕಡಸ್ರಿ ಅಂದಾವ್ರ ನೀವು ಅಲ್ರಿ, ಮಾವಾರ?"

"ಆಗ ಈ ಮಂದಿ ಗುರ್ತ ಇರಲಿಲ್ಲ. ಟೊಂಗಿ ಕಡದ್ರ ಸಭಾ ಮುಗೀತು, ನಾಳೆ ಇವ್ರು ಯಾಕ ಬರ್ತಾರ? ಬಂದು ತಿಂಗಳಾತು, ಇವತ್ತ ನೋಡ್ರಿ ನಾ ಬಾಯ್ತುಂಬ ಮಾತಾಡಿದ್ದು. ನಾ ಒಪ್ಪಂಗಿಲ್ಲ."

ಇರಣ್ಣನಿಗೆ ಪಿಚ್ಚೆನಿಸಿತು. ತಿಂಗಳಿಂದ ತಾನೂ ಮಾವನ ಜೊತೆ ಒಂದು ಗಳಿಗೆ ಕೂತಿರಲಿಲ್ಲ.

"ಮತ್ತ ನಿಮ್ಮ ನಿದ್ದಿ?" ಎಂದು ಮೆತ್ತಗೆ ಕೇಳಿದ.

"ಅದಕ್ಕೇನು? ನಿಮ್ಮ ಆಫೀಸ್ ರೂಮಿನ ಎಸಿ ಬಂದ್ ಮಾಡಿ ನಾ ಅಲ್ಲಿ ಮಲಗ್ತೀನಿ. ನೀವು ಇಲ್ಲಿ ಕೂತು ಕೆಲಸಾ ಮಾಡ್ರಿ."

ಅಂಕಲ್ ಕೈ ಎತ್ತಿದರು, ಆಂಟಿ ಕೈ ಎತ್ತಿದರು, ಶೀತಲ್ ಅಂತೂ ಎರಡೂ ಕೈ ಎತ್ತಿದಳು. ಚಹಾದ ತಟ್ಟೆ ಹಿಡಿದು ನಿಂತಿದ್ದ ಇರಣ್ಣನನ್ನು ಕೇಳಬೇಕೆಂದು ಯಾರಿಗೂ ಹೊಳೆಯಲೇ ಇಲ್ಲ.